ಕುರ್ಚಿ ಜರುಗಿದ ಮೇಲೆ

ಕೂತಿದ್ದು ಒಂದು ಗಳಿಗೆ ಅಷ್ಟೇ. ಅದೂ ಪೂರ್ತಿ ಕೂತಿರಲಿಲ್ಲ, ಸುಮ್ನೆ ಹಾಗೆ ಸೊಂಟ ಊರಿದ್ದ. ಅಷ್ಟಕ್ಕೇ ‘ಚರ್ರ್’ ಅಂತ ಸದ್ದು ಬಂದು, ಅಜ್ಜಿಯ ಬೆತ್ತದ ಕುರ್ಚಿಯ ಹೊಟ್ಟೆ ಬಿರಿದು, ಅಳಿಯ ಅದರೊಳಗೆ ಮಡಚಿದ ಛತ್ರಿ ಥರ ಇಳಿದುಹೋದ. ಮಂಡಿ ಬಂದು ಗಲ್ಲಕ್ಕೆ ತಾಗಿತು. ಕೈಯೆರಡು, ಕಾಲೆರಡು, ನಾಲ್ಕೂ ಮೇಲಿದ್ವು. ಕೆಳಗಿದ್ದದ್ದು ಮರ್ಯಾದೆ ಒಂದೇ.

ಬೇರೆ ಯಾವ ಕುರ್ಚಿ ಆಗಿದ್ರೂ ಅವನು ಇಷ್ಟು ಬೆವರ್ತಿರಲಿಲ್ಲ. ಆದ್ರೆ ಇದು ಅಜ್ಜಿ ಕುರ್ಚಿ. ಅಜ್ಜಿ ಅಂದ್ರೆ ಅವನ ಹೆಂಡತಿಯ ಅಮ್ಮ, ಆದ್ರೆ ಮಗಳ ಜೊತೆ ಸೇರಿ ಅವನೂ, ಇಡೀ ಬಿಲ್ಡಿಂಗೂ ಕರೆಯೋದು ಅಜ್ಜಿ ಅಂತಲೇ. ಆ ಮೂರಂತಸ್ತಿನ ಬಿಲ್ಡಿಂಗಲ್ಲಿ ಈ ಕುರ್ಚಿಗಿರೋ ಗೌರವ ಮಾಲೀಕನಿಗೂ ಇಲ್ಲ.

ಕುರ್ಚಿಗೆ ಮೂರು ಜಾಗ. ಮಳೆಗಾಲದಲ್ಲಿ ಅದು ಹಾಲಿನ ಕಿಟಕಿ ಪಕ್ಕ ಇರತ್ತೆ. ಅಲ್ಲಿ ಕೂತು ಅಜ್ಜಿ ಬೀದೀಲಿ ಹೋಗೋರನ್ನೆಲ್ಲ ನಿಲ್ಲಿಸಿ, “ಛತ್ರಿ ಎಲ್ಲೋ? ಮನೇಲಿ ಅದಕ್ಕೆ ನೆಗಡಿ ಆಗತ್ತೆ ಅಂತ ಬಿಟ್ಟು ಬಂದ್ಯಾ?” ಅಂತ ಕೇಳ್ತಾರೆ. ಸ್ಕೂಲಿಂದ ನೆನೆದು ಬಂದ ಮೊಮ್ಮಗಳ ತಲೆ ಒರೆಸೋದೂ ಅಲ್ಲೇ. ಒರೆಸೋದು ಅಂದ್ರೆ ಪಾತ್ರೆ ತಿಕ್ಕಿದ ಹಾಗೆ. “ಅಜ್ಜಿ, ಕಿವಿ ಕಿತ್ತು ಬರತ್ತೆ,” ಅಂತ ಅವಳು, “ಬರ್ಲಿ ಬಿಡು, ಹೇಗೂ ಹೇಳಿದ ಮಾತು ಕೇಳದ ಕಿವಿ,” ಅಂತ ಇವರು.

ಚಳಿಗಾಲ ಬಂದ್ರೆ ಕುರ್ಚಿ ಬಾಲ್ಕನಿಗೆ ಹೋಗತ್ತೆ, ಬೆಳಗಿನ ಬಿಸಿಲು ಬೀಳೋ ಮೂಲೆಗೆ. ಅಲ್ಲಿ ಅಳಿಯನಿಗೆ ಕೆಲಸ. ಎರಡೂ ಕೈ ಮುಂದೆ ಚಾಚಿ ನಿಲ್ಲಬೇಕು. ಅಜ್ಜಿ ಅವನ ಕೈಗೆ ಉಲ್ಲನ್ ದಾರದ ಲಡಿ ಸಿಕ್ಕಿಸಿ ಉಂಡೆ ಸುತ್ತುತ್ತಾರೆ. ಕೈ ಕಟ್ಟಿಹಾಕಿದ ತಕ್ಷಣ ಅವನ ಮೂಗು ಕೆರೆಯೋಕೆ ಶುರುವಾಗತ್ತೆ. ಮೂಗು ಕೆರೆದುಕೊಡೋದು ಮೊಮ್ಮಗಳ ಕೆಲಸ, ಆದ್ರೆ ಅವಳು ಕೆರೆಯೋದು ಬಿಟ್ಟು ಕಚಗುಳಿ ಇಡ್ತಾಳೆ. ಉಂಡೆ ಮುಗಿದ ಮೇಲೆ ಅಜ್ಜಿ ತಾವೇ ಎದ್ದು ಅವನಿಗೊಂದು ಟೀ ಮಾಡ್ಕೊಡ್ತಾರೆ. ಅವನ ಟೀ ಲೋಕದಲ್ಲಿಲ್ಲದ ಟೀ. ಸಕ್ಕರೆ ಅರ್ಧ ಚಮಚ, ಮೇಲೆ ಚಿಟಿಕೆ ಉಪ್ಪು. “ಇದು ಟೀನಾ, ಗಂಟಲು ಮುಕ್ಕಳಿಸೋ ನೀರಾ?” ಅಂತ ಹೆಂಡತಿ ದಿನಾ ನಗ್ತಾಳೆ. ಆ ಉಪ್ಪಿನ ಅಳತೆ ಸರಿಯಾಗಿ ಬರೋದು ಅಜ್ಜಿ ಕೈಗೆ ಮಾತ್ರ.

ಬೇಸಿಗೆಯಲ್ಲಿ ಕುರ್ಚಿ ಅಡುಗೆಮನೆ ಪಕ್ಕದ ಸಂದಿಗೆ ಬರತ್ತೆ. ಎರಡೂ ಕಡೆ ಬಾಗಿಲು ತೆಗೆದಿಟ್ರೆ ಅಲ್ಲಿ ಮಾತ್ರ ಗಾಳಿ ಆಡೋದು. ಸಂಜೆ ಹೊತ್ತು ಅಜ್ಜಿ ಕುರ್ಚಿ ಮೇಲೆ, ಮನೆಯವರೆಲ್ಲ ತಣ್ಣಗಿರೋ ನೆಲದ ಮೇಲೆ, ನಡುವೆ ಕಲ್ಲಂಗಡಿ ಹಣ್ಣು. ಮೊದಲ ಹೋಳು ಯಾರಿಗೆ ಅನ್ನೋದು ಅಜ್ಜಿ ತೀರ್ಮಾನ. ಅವತ್ತು ಮನೇಲಿ ಯಾರು ಒಳ್ಳೇವರಾಗಿದ್ರೋ ಅವರಿಗೆ. ಅಳಿಯನಿಗೆ ಇಲ್ಲೀವರೆಗೂ ಮೊದಲ ಹೋಳು ಸಿಕ್ಕಿಲ್ಲ. ಒಂದ್ಸಲ ಬೀಜ ಸಿಕ್ಕಿತ್ತು.

ಹಾಗಾಗಿ ಆ ಬಿಲ್ಡಿಂಗಲ್ಲಿ ಕಾಲ ಬದಲಾಗೋದು ಆಕಾಶ ನೋಡಿ ಅಲ್ಲ, ಕುರ್ಚಿ ನೋಡಿ. ಕುರ್ಚಿ ಜರುಗಿದ್ರೆ ಎಲ್ಲರ ಮನೇಲೂ ಸ್ವೆಟರ್ ಹೊರಗೆ ಬರತ್ತೆ, ಇಲ್ಲಾ ಒಳಗೆ ಹೋಗತ್ತೆ. ಬರ್ತಾ ಬರ್ತಾ ಇನ್ನೊಂದು ಅಭ್ಯಾಸ ಬೆಳೀತು. ಯಾರಿಗೆ ಯಾವ ಕೆಲಸ ಮುಂದೂಡಬೇಕಾದ್ರೂ ಒಂದೇ ಮಾತು: “ಕುರ್ಚಿ ಜರುಗಲಿ, ನೋಡೋಣ.”

ಎರಡನೇ ಮಹಡಿ ಡ್ರಿಲ್ ಮೇಷ್ಟ್ರಿಗೆ ಹುಳುಕು ಹಲ್ಲು. ಸಾವಿರ ಮಕ್ಕಳನ್ನ ಬಿಸಿಲಲ್ಲಿ ಓಡಿಸಿದ ಗಂಡಸು, ಹಲ್ಲಿನ ಡಾಕ್ಟ್ರು ಅಂದ್ರೆ ಮಂಚದ ಕಾಲು ಹಿಡ್ಕೊಳ್ತಾರೆ. “ಕುರ್ಚಿ ಜರುಗಿದ ದಿನ ಕೀಳಿಸ್ತೀನಿ,” ಅಂತ ಹೆಂಡತಿಗೆ ಮಾತು ಕೊಟ್ಟಿದ್ರು. ಮೊದಲ ಮಹಡಿ ಟೈಲರಮ್ಮ ಇಡೀ ಬೀದಿಯ ಬಟ್ಟೆ ಗುಡ್ಡೆ ಹಾಕ್ಕೊಂಡು, ಕೇಳಿದವರಿಗೆಲ್ಲ, “ಕುರ್ಚಿ ಜರುಗಿದ ದಿನ ಬನ್ನಿ, ರೆಡಿ ಇರತ್ತೆ,” ಅಂದಿದ್ರು. ಅವರ ಗಂಡ ಬಸ್ ಕಂಡಕ್ಟರು. ಅವರ ಮೀಸೆ ಪೊರಕೆಗಿಂತ ದಪ್ಪ, ಊಟದಲ್ಲಿ ಅರ್ಧ ಪಾಲು ಅದಕ್ಕೇ ಹೋಗತ್ತೆ. ಅದನ್ನ ಬೋಳಿಸ್ತೀನಿ ಅಂತ ಅವರೂ ಹೆಂಡತಿಗೆ ಕುರ್ಚಿ ಲೆಕ್ಕದಲ್ಲೇ ಮಾತು ಕೊಟ್ಟಿದ್ರು.

ಅಳಿಯನಿಗೆ ಬಂದಿದ್ದ ಮಾತು ಬೇರೆ. ಅವನು ಗಡಿಯಾರ ರಿಪೇರಿಯವನು. ಅಂಗಡಿ ಅಂದ್ರೆ ಗೋಡೆಯಲ್ಲೊಂದು ಗೂಡು, ಅದರಲ್ಲಿ ಅವನು ಹಿಡಿಸೋದೇ ಹೆಚ್ಚು. ಗಡಿಯಾರಗಳೆಲ್ಲ ಮನೇಲಿ ಮಂಚದ ಕೆಳಗಿದ್ವು. ಒಂದಕ್ಕೂ ಇನ್ನೊಂದಕ್ಕೂ ಹೊಂದಾಣಿಕೆ ಇಲ್ಲ. ಒಂದು ಗಂಟೆ ಹೊಡೆದು ಮುಗಿಸಿದ್ರೆ ಇನ್ನೊಂದು ಶುರು. “ನಾನು ನಿಮ್ಮನ್ನ ಮದ್ವೆ ಆದದ್ದು, ಗಂಟೆ ಗೋಪುರಾನ ಅಲ್ಲ,” ಅಂತ ಹೆಂಡತಿ ದಿಂಬಿನ ಕೆಳಗೆ ತಲೆ ಇಟ್ಕೊಂಡು ಮಲಗ್ತಿದ್ಲು. ಟೆರೇಸ್ ಮೇಲೆ ಅವರ ಮನೆಗೆ ಸೇರಿದ್ದೊಂದು ರೂಮ್ ಖಾಲಿ ಬಿದ್ದಿತ್ತು. ಅದರ ಬೀಗದ ಕೈ ಅಜ್ಜಿ ಕುತ್ತಿಗೆಯ ದಾರದಲ್ಲಿ.

“ಕುರ್ಚಿ ಕಿಟಕಿ ಹತ್ರ ಬಂದ ದಿನ ಬೀಗದ ಕೈ ನಿಂದು,” ಅಂದಿದ್ರು ಅಜ್ಜಿ. “ಆದ್ರೆ ಅಲ್ಲೀವರೆಗೆ ಈ ಮನೇಲಿ ಒಂದು ವಸ್ತುನೂ ಮುರೀಬಾರದು.”

ಯಾಕಂದ್ರೆ ಅವನ ಕೈ ಅಂಥಾದ್ದು. ಕೂದಲೆಳೆಯಂಥ ಸ್ಪ್ರಿಂಗನ್ನ ಕಣ್ಮುಚ್ಚಿ ಕೂರಿಸೋ ಕೈ, ಮನೇಲಿ ನಲ್ಲಿ ತಿರುಗಿಸಿದ್ರೆ ನಲ್ಲಿಯೇ ಕೈಗೆ ಬರ್ತಿತ್ತು. ಆದ್ರೂ ಈ ಸಲ ಬೇಸಿಗೆ ಪೂರ್ತಿ ಅವನು ಕಳ್ಳ ಬೆಕ್ಕಿನ ಹಾಗೆ ಓಡಾಡ್ಕೊಂಡು, ಒಂದು ಲೋಟ ಕೂಡ ಸೊಟ್ಟ ಮಾಡದೆ ಕಳೆದಿದ್ದ. ಮೋಡ ಆಗಲೇ ಬಂದು ಬಂದು ಮುಖ ತೋರಿಸಿ ಹೋಗ್ತಿತ್ತು. ಇನ್ನೇನು ಇವತ್ತೋ ನಾಳೆಯೋ.

ಅವತ್ತು ಅವನ ಅಂಗಡಿಗೆ ವಾರದ ರಜ. ಹೆಂಡತಿ ಆಫೀಸಿಗೆ, ಮಗಳು ಸ್ಕೂಲಿಗೆ ಹೋಗಿದ್ರು. ಅಜ್ಜಿ ಬೆಳಗ್ಗೆನೇ ಚೀಲ ಹಿಡ್ಕೊಂಡು ಹೊರಟ್ರು. “ಕಣ್ಣಿನ ಡಾಕ್ಟ್ರ ಹತ್ರ ಹೋಗ್ತಿದೀನಪ್ಪ. ಅಲ್ಲಿ ಕ್ಯೂ ಜಾಸ್ತಿ, ಬರೋದು ಸಂಜೆ ಆಗತ್ತೆ. ಕುರ್ಚಿ ಮೇಲೆ ಹೊಸಾ ದಿಂಬು ಇಟ್ಟಿದೀನಿ, ಮೆತ್ತಗಿದೆ. ಯಾರೂ ಕೂರಬೇಡಿ.”

ಮನೇಲಿ ಇದ್ದದ್ದು ಅವನೊಬ್ಬನೇ. “ಯಾರೂ” ಅಂದ್ರೆ ಅವನೇ.

ಅಷ್ಟು ವರ್ಷದಿಂದ ಆ ಕುರ್ಚಿ ಸುತ್ತ ನೆಲದಲ್ಲಿ ಕೂತಿದ್ದವನು. ಸೆಕೆ ಬೇರೆ. ಸಂದಿಯಲ್ಲಿ ಗಾಳಿ ಬೇರೆ. ದಿಂಬಿನ ಮೇಲೆ ಹೂವಿನ ಚಿತ್ರ ಬೇರೆ. ಕೂರಬೇಡ ಅಂದಿದ್ದಕ್ಕೇ ಅರ್ಧ ಕೂತ ಹಾಗಾಗಿತ್ತು, ಮಿಕ್ಕಿದ್ದು ಅವನು ಮಾಡಿದ. ಆಗ ಬಂದದ್ದೇ ಆ ‘ಚರ್ರ್’.

ಈಗ ಕುರ್ಚಿಯಿಂದ ಹೊರಗೆ ಬರಬೇಕಿತ್ತು. ಮುಂದಕ್ಕೆ ಬಗ್ಗಿದ, ಕುರ್ಚಿನೂ ಬಗ್ಗಿತು. ಎದ್ದ, ಕುರ್ಚಿನೂ ಎದ್ದಿತು. ಬೆನ್ನಿಗೆ ಮನೆ ಅಂಟಿಸಿಕೊಂಡ ಆಮೆ ಥರ ಇಡೀ ಮನೆ ಒಂದು ಸುತ್ತು ಹಾಕಿ, ಕೊನೆಗೆ ಬಾಗಿಲ ಚೌಕಟ್ಟಿಗೆ ಕುರ್ಚಿ ಕಾಲು ಸಿಕ್ಕಿಸಿ ಕಿತ್ಕೊಂಡು ಹೊರಗೆ ಬಂದ. ನೋಡಿದ್ರೆ ಬೆತ್ತದ ಹೆಣಿಗೆ ನಡುಮಧ್ಯೆ ಬಾಯಿ ಬಿಟ್ಕೊಂಡು ಅವನನ್ನೇ ನೋಡ್ತಿದೆ.

ಸಂಜೆವರೆಗೆ ಟೈಮಿದೆ. ಮಾರ್ಕೆಟ್ ಹಿಂದೆ ಬೆತ್ತ ಹೆಣೆಯೋ ಮುದುಕಿ ಒಬ್ಬರು ಇದ್ದಾರೆ, ಎಲ್ಲರೂ ಬೆತ್ತದಜ್ಜಿ ಅಂತಾರೆ. ಹೆಣೆಸ್ಕೊಂಡು ಬಂದು, ಅದೇ ಜಾಗದಲ್ಲಿಟ್ಟು, ಅದೇ ದಿಂಬು ಹಾಕಿದ್ರೆ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಕುರ್ಚಿಗೆ ಬೆಡ್‌ಶೀಟ್ ಸುತ್ತಿ ಹೆಗಲಿಗೇರಿಸಿ ಮೆಟ್ಟಿಲಿಳಿದ.

ಮೊದಲ ಮಹಡೀಲಿ ಟೈಲರಮ್ಮ ಬಾಗಿಲಲ್ಲೇ ನಿಂತು ಸೂಜಿಗೆ ದಾರ ಪೋಣಿಸ್ತಿದ್ರು.

“ಏನು ಅಳಿಯಂದ್ರೆ, ಯಾರನ್ನ ಹೊತ್ಕೊಂಡು ಹೊರಟ್ರಿ?”

“ಇಲ್ಲ, ಇದು... ಹೀಗೇ ಹಳೇ ಸಾಮಾನು.”

ಅಷ್ಟು ಹೇಳೋದೇ ತಡ, ಬೆಡ್‌ಶೀಟ್ ಜಾರಿ ಕುರ್ಚಿಯ ಎರಡು ಕಾಲು ಹೊರಗೆ ಬಂತು. ಟೈಲರಮ್ಮನ ಬಾಯಲ್ಲಿದ್ದ ದಾರ ಕೆಳಗೆ ಬಿತ್ತು.

“ಇದು ಅಜ್ಜಿ ಕುರ್ಚಿ ಅಲ್ವಾ? ಸಂದಿಯಿಂದ ಎತ್ತಿಬಿಟ್ರಾ? ಅಂದ್ರೆ... ಜರುಗ್ತಾ?”

ಇಲ್ಲಿ ನಿಜ ಹೇಳಿಬಿಟ್ಟಿದ್ರೆ ಕತೆ ಮುಗೀತಿತ್ತು. ಆದ್ರೆ ಟೈಲರಮ್ಮನಿಗೆ ನಿಜ ಹೇಳೋದೂ ಒಂದೇ, ಮೈಕಲ್ಲಿ ಕೂಗೋದೂ ಒಂದೇ. ಅವನ ನಾಲಿಗೆ ಅವನನ್ನ ಕೇಳದೆ ಮಾತಾಡಿತು.

“ಹೂಂ, ಜರುಗ್ತು. ಅಜ್ಜಿ ಹೇಳಿದ್ರು. ಸ್ವಲ್ಪ ಪಾಲಿಶ್ ಮಾಡ್ಸಿ ಕಿಟಕಿ ಹತ್ರ ಇಡು ಅಂದ್ರು.”

“ಅಯ್ಯೋ ನನ್ನ ಕರ್ಮವೇ,” ಅಂದ್ರು ಟೈಲರಮ್ಮ, ಗುಡ್ಡೆ ಬಟ್ಟೆ ಕಡೆ ನೋಡ್ತಾ. ತಕ್ಷಣ ಇನ್ನೇನೋ ಹೊಳೆದು ಮುಖ ಅರಳಿತು. ಒಳಗೆ ತಿರುಗಿ, “ರೀ, ಎದ್ದೇಳಿ. ರೇಜರ್ ಎಲ್ಲಿದೆ?” ಅಂದ್ರು.

ಮೇಲಿನ ಮಹಡಿಯಿಂದ ಡ್ರಿಲ್ ಮೇಷ್ಟ್ರ ಹೆಂಡತಿಯ ದನಿ ಬಂತು: “ಕೇಳಿಸ್ತೇನ್ರೀ? ಕುರ್ಚಿ ಜರುಗಿದೆಯಂತೆ. ಚಪ್ಪಲಿ ಹಾಕ್ಕೊಳಿ. ಮಂಚದ ಕಾಲು ಬಿಡಿ ಮೊದ್ಲು.”

ಅಳಿಯ ಓಡಿದ.

ಬೆತ್ತದಜ್ಜಿ ಅಂಗಡಿ ಅಂದ್ರೆ ಮುಂದೆ ಒಂದು ಕಟ್ಟೆ, ಹಿಂದೆ ಒಂದು ಪರದೆ, ಪರದೆ ಆಚೆ ಮನೆ. ಅವರು ಬೆಡ್‌ಶೀಟ್ ಬಿಚ್ಚೋಕೂ ಮುಂಚೆ, “ಬಂತಾ, ಇಡು ಇಲ್ಲಿ,” ಅಂದ್ರು.

“ಇದು ಸಂಜೆಯೊಳಗೆ ಆಗಬೇಕು ಅಜ್ಜಿ. ದಯವಿಟ್ಟು. ಇದರಲ್ಲಿ ನನ್ನ ಬಾಳು ಇದೆ.”

“ಬಾಳು ಇದ್ದಂಗಿಲ್ಲ, ದೊಡ್ಡ ತೂತಿದೆ. ಕೂತ್ಯಾ?”

“ಪೂರ್ತಿ ಕೂತಿಲ್ಲ.”

“ಪೂರ್ತಿ ಕೂತಿದ್ರೆ ಕುರ್ಚಿ ಬದಲು ಸೌದೆ ತರ್ತಿದ್ದೆ ಅನ್ನು.” ಬೆತ್ತದಜ್ಜಿ ಪಕ್ಕದ ಬಕೆಟ್ಟಿಂದ ನೆನೆಸಿದ ಬೆತ್ತದ ಪಟ್ಟಿ ಎತ್ತಿ ನೀರು ಕೊಡವಿದ್ರು. ಒಣ ಬೆತ್ತ ಬಗ್ಗಲ್ಲ, ಮುರಿಯತ್ತೆ. ರಾತ್ರಿಯೆಲ್ಲ ನೆನೆದಿದ್ರೇನೇ ಹೆಣೆಯೋಕೆ ಬರೋದು.

“ನನ್ನ ಪುಣ್ಯ, ನೀವು ಮೊದಲೇ ನೆನೆಸಿಟ್ಟಿದೀರ.”

“ಯಾರಾದ್ರೂ ಬರಬಹುದು ಅನ್ನಿಸ್ತು.” ಹರಿದ ಅಂಚನ್ನ ಬೆರಳಲ್ಲಿ ಸವರಿ, “ಒಬ್ಬರ ಭಾರಕ್ಕೆ ಇಷ್ಟು ಹರಿಯಲ್ಲಪ್ಪ ಇದು,” ಅಂದ್ರು.

ಪರದೆ ಹಿಂದೆ ಯಾರೋ ಕೆಮ್ಮಿದ್ರು. ಬೆತ್ತದಜ್ಜಿ ಬಾಯಿ ಮುಚ್ಕೊಂಡು ಕೆಲಸ ಶುರು ಮಾಡಿದ್ರು.

ಅಳಿಯ ಕಟ್ಟೆ ಮೇಲೆ ಕೂತು ಬೆರಳು ಕಚ್ತಿದ್ದ. ಅಷ್ಟರಲ್ಲಿ ಫೋನ್ ಬಂತು. ಹೆಂಡತಿ.

“ಟೈಲರಮ್ಮ ಹೇಳಿದ್ರು,” ಅಂದ್ಲು. ದನಿಯಲ್ಲಿ ಹಾಡಿನ ಎಳೆ ಇತ್ತು. “ಕುರ್ಚಿ ಜರುಗಿದೆಯಂತೆ. ನಾನು ಅರ್ಧ ದಿನ ರಜ ಹಾಕಿ ಮನೆಗೆ ಹೊರಟಿದೀನಿ. ಗಡಿಯಾರ ಎಲ್ಲ ಇವತ್ತೇ ಮೇಲೆ ಸಾಗಿಸಿಬಿಡೋಣ.”

“ಇವತ್ತೇ ಯಾಕೆ ಅವಸರ...”

“ಮದ್ವೆ ಆದಾಗಿಂದ ಒಂದು ದಿನ ನೆಟ್ಟಗೆ ನಿದ್ದೆ ಮಾಡಿಲ್ಲ ನಾನು. ಇವತ್ತು ಮಾಡ್ತೀನಿ. ನಿಮಗೆ ಏನು ಬೇಕು ಹೇಳಿ, ಅದನ್ನೇ ಅಡುಗೆ ಮಾಡ್ತೀನಿ.”

ಮದ್ವೆ ಆದಾಗಿಂದ ಆ ಪ್ರಶ್ನೆನೂ ಅವನ ಕಿವಿಗೆ ಬಿದ್ದಿರಲಿಲ್ಲ. ನಿಜ ಹೇಳೋಕೆ ಬಾಯಿ ತೆರೆದ, “ಬದನೆಕಾಯಿ” ಅಂತ ಬಂತು.

ಫೋನ್ ಇಟ್ಟು ತಲೆ ಮೇಲೆ ಕೈ ಹೊತ್ತು ಕೂತ. ಆಗ ಪರದೆ ಸಂದಿಯಿಂದ ಒಂದು ಕೈ ಟೀ ಲೋಟ ಹಿಡ್ಕೊಂಡು ಹೊರಗೆ ಬಂತು. ಯಾರ ಕೈ ಅಂತ ನೋಡೋ ಸ್ಥಿತಿಯಲ್ಲಿ ಅವನಿರಲಿಲ್ಲ. ಕುಡಿದ. ಜೀವ ಬಂದ ಹಾಗಾಯ್ತು. “ಟೀ ಮಾತ್ರ ಚೆನ್ನಾಗಿದೆ. ಮನೇಲಿ ಕುಡಿದ ಹಾಗೇ ಇದೆ,” ಅಂದ.

“ಕುಡಿ, ಕುಡಿ,” ಅಂದ್ರು ಬೆತ್ತದಜ್ಜಿ, ತಲೆ ಎತ್ತದೆ. ಅವರ ಭುಜ ಯಾಕೋ ಅಲುಗಾಡ್ತಿತ್ತು. ವಯಸ್ಸಾಯ್ತಲ್ಲ, ನಡುಕ ಇರಬೇಕು ಅನ್ಕೊಂಡ.

ಹೆಣಿಗೆ ಮುಗಿಯೋ ಹೊತ್ತಿಗೆ ಬಿಸಿಲು ಇಳಿದಿತ್ತು. ಕುರ್ಚಿ ಹೊತ್ಕೊಂಡು ಬಂದು ನೋಡ್ತಾನೆ, ಬಿಲ್ಡಿಂಗ್ ಮುಂದೆ ಜಾತ್ರೆ. ಟೈಲರಮ್ಮನ ಬಾಗಿಲಲ್ಲಿ ಬೀದಿಯವರೆಲ್ಲ ಕ್ಯೂ ನಿಂತಿದಾರೆ. ಒಳಗೆ ಮಿಷನ್ನು ರೈಲು ಓಡಿದ ಹಾಗೆ ಓಡ್ತಿದೆ. ಯಾರದೋ ಪ್ಯಾಂಟಿಗೆ ಇನ್ಯಾರದೋ ತೋಳು ಸೇರಿಸಿ ಹೊಲಿದು, “ಹಾಕ್ಕೊಂಡು ನೋಡಿ, ಸರಿ ಹೋಗತ್ತೆ,” ಅಂತಿದಾರೆ ಟೈಲರಮ್ಮ.

ಮೆಟ್ಟಿಲ ತಿರುವಲ್ಲಿ ಬೆಳಕು ಚೆನ್ನಾಗಿದೆ ಅಂತ ಕಂಡಕ್ಟರು ಅಲ್ಲೇ ಕನ್ನಡಿ ನೇತುಹಾಕಿ, ಮುಖಕ್ಕೆಲ್ಲ ಸೋಪು ಬಳಿದುಕೊಂಡು, ರೇಜರ್ ಕೈಲಿ ಹಿಡಿದು ಮೀಸೆಗೆ ವಿದಾಯ ಹೇಳ್ತಿದ್ರು. ಬೆಳಗ್ಗೆಯಿಂದ ಹೇಳ್ತಾನೇ ಇದ್ರಂತೆ. ಸೋಪು ಒಣಗಿ ಮತ್ತೆ ಬಳಿದಿದ್ದೇ ಎಷ್ಟೋ ಸಲ.

ಅಲ್ಲಿಂದ ಮೇಲೆ ಪ್ರತಿ ಮೆಟ್ಟಿಲ ಮೇಲೂ ಒಂದೊಂದು ಗಡಿಯಾರ. ಹೆಂಡತಿ ಮಂಚದ ಕೆಳಗಿಂದ ಎಲ್ಲವನ್ನೂ ಎಳೆದು ಮೇಲೆ ಟೆರೇಸ್ ತನಕ ಸಾಲಾಗಿ, ಅಲ್ಲಿ ಹಿಡಿಸದ್ದನ್ನ ಕೆಳಗಿನ ಮೆಟ್ಟಿಲ ಮೇಲೂ ಜೋಡಿಸಿದ್ಲು, ಬೀಗದ ಕೈ ಸಿಕ್ಕ ತಕ್ಷಣ ಒಂದೇ ಉಸಿರಿಗೆ ಸಾಗಿಸಬಹುದು ಅಂತ. ಅಳಿಯ ಕುರ್ಚಿ ಹೊತ್ತು, ಒಂದೊಂದೇ ಗಡಿಯಾರ ದಾಟ್ತಾ, ಕೊಕ್ಕರೆ ಥರ ಕಾಲೆತ್ತಿ ಕಾಲೆತ್ತಿ ಹತ್ತಿದ. ಅರ್ಧ ದಾರಿಯಲ್ಲಿ ಮೊದಲನೇದು ಗಂಟೆ ಹೊಡೀತು. ಅದನ್ನ ಕೇಳಿ ಎರಡನೇದಕ್ಕೆ ಹಟ ಬಂತು. ಆಮೇಲೆ ಇಡೀ ಮೆಟ್ಟಿಲು ಢಣಢಣ. ಬೆಚ್ಚಿದ ಕಂಡಕ್ಟರ ಕೈಯಿಂದ ರೇಜರ್ ಕೆಳಗೆ ಬಿತ್ತು. ಮೀಸೆಗೆ ಇನ್ನೂ ಸ್ವಲ್ಪ ಆಯಸ್ಸು ಸಿಕ್ಕಿತು.

ಮನೆ ಬಾಗಿಲಲ್ಲಿ ಡ್ರಿಲ್ ಮೇಷ್ಟ್ರು ನಿಂತಿದ್ರು. ಕೆನ್ನೆ ಉಬ್ಬಿ, ಬಾಯಿ ತುಂಬ ಹತ್ತಿ. ಅಳಿಯನ ಮುಂದೆ ಅಂಗೈ ಬಿಚ್ಚಿದ್ರು. ಅಂಗೈಯಲ್ಲಿ ಹಲ್ಲು.

“ಕೀಳಿಛಿಬಿಟ್ಟೆ,” ಅಂದ್ರು. “ಕುಚ್ಚಿ ಜಯುಗ್ತಲ್ಲ.”

ಅಳಿಯನಿಗೆ ನೆಲ ಬಾಯಿಬಿಡಬಾರದಾ ಅನ್ನಿಸ್ತು. ಬಾಯಿ ಬಿಡೋ ಕುರ್ಚಿಯನ್ನ ಮಾತ್ರ ಈಗ ತಾನೇ ಹೊಲಿಸಿಕೊಂಡು ಬಂದಿದ್ದ. ಹೇಗಾದ್ರೂ ಮಾಡಿ ಅದನ್ನ ಸಂದಿಗೆ ಸೇರಿಸಬೇಕು ಅಂತ ಆ ಕಡೆ ತಿರುಗಿದ. ಆದ್ರೆ ಸ್ಕೂಲಿಂದ ಬಂದಿದ್ದ ಮಗಳು, “ಅಪ್ಪಾ, ಆ ಕಡೆ ಅಲ್ಲ, ಕಿಟಕಿ ಈ ಕಡೆ,” ಅಂತ ಕುರ್ಚಿ ಕಾಲು ಹಿಡಿದು ಎಳೆದ್ಲು. ಅವನ ಹಿಂದೆಯೇ ಹತ್ತಿ ಬಂದಿದ್ದ ಟೈಲರಮ್ಮ, ಕ್ಯೂನವರು, ಕಂಡಕ್ಟರು, ಜೊತೆಗೆ ಮೇಷ್ಟ್ರು, ಎಲ್ಲ ಸೇರಿ ಕುರ್ಚಿಯನ್ನ ಪಲ್ಲಕ್ಕಿ ಥರ ಎತ್ತಿ ತಗೊಂಡು ಹೋಗಿ ಕಿಟಕಿ ಪಕ್ಕ ಇಟ್ಟೇಬಿಟ್ರು.

ಹಾಗೆ ಇಟ್ಟು ಕೈ ಒರೆಸ್ಕೊಳ್ತಿರೋ ಹೊತ್ತಿಗೆ ಅಜ್ಜಿ ಬಂದ್ರು.

ಬಾಗಿಲಲ್ಲೇ ನಿಂತು ಕುರ್ಚಿ ನೋಡಿದ್ರು. ಆಮೇಲೆ ಒಬ್ಬೊಬ್ಬರ ಮುಖ ನೋಡಿದ್ರು. ಸೋಪು, ಹತ್ತಿ, ಸೂಜಿ, ಗಡಿಯಾರ.

“ಕುರ್ಚಿ ಯಾಕೆ ಇಲ್ಲಿದೆ?”

“ನೀವೇ ಹೇಳಿದ್ರಂತಲ್ಲ ಅಜ್ಜಿ,” ಅಂದ್ರು ಟೈಲರಮ್ಮ. “ಬೆಳಗ್ಗೆ ಹೋಗ್ತಾ.”

“ನಾನು ಹೇಳಿದ್ನಾ?” ಅಜ್ಜಿ ಹಣೆ ಮುಟ್ಟಿಕೊಂಡ್ರು. “ಹೇಳಿದ ನೆನಪಿಲ್ಲವಲ್ಲ. ಹೇಳಿದ್ನೇನಪ್ಪಾ?”

ಕೇಳಿದ್ದು ಅಳಿಯನನ್ನ. ಕುತ್ತಿಗೆಯ ದಾರದಲ್ಲಿ ಬೀಗದ ಕೈ ತೂಗಾಡ್ತಿತ್ತು. ‘ಹೂಂ, ಹೇಳಿದ್ರಿ’ ಅಂದ್ರೆ ಮುಗೀತು. ಕುರ್ಚಿ ಕಿಟಕಿ ಹತ್ರ ಇದೆ, ತೂತು ಯಾರಿಗೂ ಗೊತ್ತಿಲ್ಲ, ರೂಮ್ ಅವನದು, ನಿದ್ದೆ ಹೆಂಡತಿಯದು, ಬದನೆಕಾಯಿ ಇಬ್ಬರದೂ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು, ಮುಖ ಅಷ್ಟಗಲ ಮಾಡ್ಕೊಂಡು ನಿಂತಿದ್ಲು.

ಹಿಂದಿಂದ ಯಾರೋ ಪಿಸುಗುಟ್ಟಿದ್ರು: “ಪಾಪ, ವಯಸ್ಸಾಯ್ತು. ಮರೆವು ಶುರು.” ಇನ್ಯಾರೋ, “ನಮ್ಮ ಅತ್ತೆಗೂ ಹೀಗೇ ಶುರುವಾದದ್ದು,” ಅಂದ್ರು.

ಅಜ್ಜಿ ಇನ್ನೂ ಹಣೆ ಮೇಲೇ ಬೆರಳಿಟ್ಟುಕೊಂಡು ನಿಂತಿದ್ರು. ಬೀದಿಯವರನ್ನೆಲ್ಲ ಗದರಿಸೋ ಅಜ್ಜಿ, ಆ ಒಂದು ಗಳಿಗೆ, ದಾರಿ ತಪ್ಪಿ ಬೇರೆ ಕ್ಲಾಸಿಗೆ ಬಂದ ಮಗು ಥರ ಕಂಡ್ರು.

ಅಳಿಯನಿಗೆ ತಡೆಯೋಕಾಗಲಿಲ್ಲ.

“ಇಲ್ಲ,” ಅಂದ. “ಅಜ್ಜಿ ಏನೂ ಹೇಳಿಲ್ಲ. ಅವರಿಗೆ ಮರೆವೂ ಇಲ್ಲ, ಮಣ್ಣೂ ಇಲ್ಲ. ನಾನು ಕೂತೆ. ಕುರ್ಚಿ ಹರೀತು. ಕದ್ದು ಹೆಣೆಸ್ಕೊಂಡು ಬರೋಕೆ ಹೋಗಿದ್ದೆ. ಟೈಲರಮ್ಮನವರಿಗೆ ಸುಳ್ಳು ಹೇಳಿದೆ. ಕಾಲ ಬದಲಾಗಿಲ್ಲ. ಕೆಟ್ಟದ್ದು ನನ್ನ ಕಾಲ ಒಂದೇ.”

ಎಲ್ಲರೂ ಅವನ ಮೇಲೆ ಮುಗಿಬೀಳ್ತಾರೆ ಅನ್ಕೊಂಡು ಕಣ್ಣು ಮುಚ್ಚಿದ. ಯಾರೂ ಬೀಳಲಿಲ್ಲ. ಅಜ್ಜಿ ಬೆನ್ನು ನೆಟ್ಟಗೆ ಮಾಡಿ, “ಹಾಗಾದ್ರೆ ಇನ್ನೂ ಬೇಸಿಗೆ. ಕುರ್ಚಿ ಸಂದಿಗೆ ಹಾಕಿ,” ಅಂದ್ರು.

ಕಂಡಕ್ಟರು ಮೀಸೆಗೆ ಬಳಿದಿದ್ದ ಸೋಪನ್ನ ಅಂಗಿ ತೋಳಲ್ಲೇ ಒರೆಸ್ಕೊಂಡು ಅಳಿಯನನ್ನ ಅಪ್ಪಿಕೊಂಡ್ರು. ಟೈಲರಮ್ಮನ ಮೊದಲ ನೋಟ ಮೀಸೆ ಕಡೆ ಹೋಗಿ ಬಾಡಿತು, ಎರಡನೇ ನೋಟ ಕ್ಯೂ ಕಡೆ ಹೋಗಿ ಅರಳಿತು. “ಕೇಳಿಸ್ತಲ್ಲ, ಇನ್ನೂ ಬೇಸಿಗೆ. ಹೋಗಿ ಹೋಗಿ, ಕುರ್ಚಿ ಜರುಗಿದ ಮೇಲೆ ಬನ್ನಿ.” ಮೇಷ್ಟ್ರು ಮಾತ್ರ ಅಂಗೈ ನೋಡಿಕೊಂಡ್ರು, ಕೆನ್ನೆ ಒತ್ತಿ ನೋಡಿದ್ರು, ನೋವಿಲ್ಲ ಅಂತ ಗೊತ್ತಾಗಿ ಅಳಬೇಕಾ ನಗಬೇಕಾ ತಿಳೀದೆ ಹಲ್ಲನ್ನ ಜೇಬಿಗೆ ಹಾಕ್ಕೊಂಡು ಹೋದ್ರು.

ಹೆಂಡತಿ ಸೌಟು ಕೆಳಗಿಟ್ಟಳು. “ಮೆಟ್ಟಿಲ ಮೇಲಿರೋದನ್ನೆಲ್ಲ ನೀವೇ ಒಳಗೆ ತನ್ನಿ,” ಅಂದ್ಲು. “ಮಂಚದ ಕೆಳಗೆ ಜಾಗ ಹಾಗೇ ಇದೆ. ಬದನೆಕಾಯಿ ಹೆಚ್ಚಿಲ್ಲ ಇನ್ನೂ, ಅದಕ್ಕೂ ಜಾಗ ಫ್ರಿಜ್ಜಲ್ಲಿ ಹಾಗೇ ಇದೆ.”

ಗಡಿಯಾರ ಎಲ್ಲ ಹೊತ್ತು ಒಳಗೆ ಹಾಕಿ, ಬೆನ್ನು ಹಿಡ್ಕೊಂಡು ಸಂದಿಗೆ ಬಂದ. ಅಜ್ಜಿ ಕುರ್ಚಿ ಮೇಲೆ ಕೂತು ಕಲ್ಲಂಗಡಿ ಹೆಚ್ತಿದ್ರು. ಅವನು ಪಕ್ಕದಲ್ಲಿ ನೆಲದ ಮೇಲೆ, ತನ್ನ ಹಳೇ ಜಾಗದಲ್ಲಿ ಕೂತ.

“ತಪ್ಪಾಯ್ತು ಅಜ್ಜಿ.”

ಅಜ್ಜಿ ಕೂತಲ್ಲೇ ಎರಡು ಸಲ ಮೇಲೆ ಕೆಳಗೆ ಆಡಿ ನೋಡಿದ್ರು. “ಚೆನ್ನಾಗಿ ಬಿಗಿದಿದಾಳೆ. ಇನ್ನು ನಾನು ಕೂತ್ರೂ ಹರಿಯಲ್ಲ.”

“ನೀವು ಕೂತ್ರೂ ಅಂದ್ರೆ?”

ಅಜ್ಜಿ ಚಾಕು ಒರೆಸ್ತಾ, ಹಣ್ಣಿನ ಕಡೆಯೇ ನೋಡ್ತಾ ಕೇಳಿದ್ರು:

“ಮಧ್ಯಾಹ್ನದ ಟೀಗೆ ಉಪ್ಪು ಸಾಕಾಗಿತ್ತೇನಪ್ಪಾ?”

ಅಳಿಯನ ತಲೆಯೊಳಗೆ ಮಂಚದ ಕೆಳಗಿನ ಗಡಿಯಾರಗಳೆಲ್ಲ ಒಂದೇ ಸಲ ಗಂಟೆ ಹೊಡೆದ್ವು. ರಾತ್ರಿಯಿಂದ ನೆನೆದ ಬೆತ್ತ. ಪರದೆ ಹಿಂದಿನ ಕೆಮ್ಮು. ಹೊಸಾ ದಿಂಬು. ಮೆತ್ತಗಿದೆ, ಯಾರೂ ಕೂರಬೇಡಿ.

“ಅಜ್ಜಿ, ಆ ಕುರ್ಚಿ ಮೊದ್ಲೇ...”

“ನಿನ್ನೆ ಮಧ್ಯಾಹ್ನ. ನೀವ್ಯಾರೂ ಮನೇಲಿರಲಿಲ್ಲ, ಸದ್ಯ. ಎದ್ದು ಬರೋಕೆ ನಾನು ಪಟ್ಟ ಪಾಡು ನನಗೇ ಗೊತ್ತು.” ದನಿ ಇಳಿಸಿದ್ರು. “ಹೊಟ್ಟೆಗೆ ಏನೂ ಸೇರಲ್ಲ, ಗುಬ್ಬಿ ತಿಂದಷ್ಟು ತಿಂತೀನಿ ಅಂತ ಇಡೀ ಬಿಲ್ಡಿಂಗಿಗೆ ಹೇಳ್ಕೊಂಡು ಬಂದಿದೀನಿ. ನನ್ನ ಭಾರಕ್ಕೆ ಹರೀತು ಅಂದ್ರೆ ಟೈಲರಮ್ಮ ಸುಮ್ನಿರ್ತಾಳಾ, ಅಳತೆ ಟೇಪ್ ತಗೊಂಡು ಬರ್ತಾಳೆ. ಮುರಿಯೋಕೆ ಅಂತ ಮನೇಲಿ ನೀನೊಬ್ಬ ಇದ್ದೀಯಲ್ಲ, ಹೆಸರು ಹೇಗೂ ಇದೆ. ಬೆತ್ತದವಳ ಹತ್ರ ನಿನ್ನೇನೇ ಹೇಳಿಟ್ಟು, ಇವತ್ತು ಅಲ್ಲೇ ಕೂತಿದ್ದೆ.”

“ಹಾಗಾದ್ರೆ ಮುರಿದದ್ದು ನಾನಲ್ಲ. ನನ್ನ ಬೀಗದ ಕೈ...”

“ಊರ ಮುಂದೆ ನೀನೇ ಒಪ್ಕೊಂಡ್ಯಲ್ಲಪ್ಪ. ಈಗ ಹೋಗಿ ಅಲ್ಲ ಅಂದ್ರೆ ಯಾರು ನಂಬ್ತಾರೆ?”

ಅವನು ಇಂಗು ತಿಂದ ಮಂಗನ ಹಾಗೆ ಕೂತುಬಿಟ್ಟ. ಅಜ್ಜಿ ಅವನನ್ನ ಒಂದು ಸಲ ನೋಡಿದ್ರು. ಆಮೇಲೆ ಹಣ್ಣಿನ ನಡುವಿನ ಹೋಳು, ಬೀಜ ಇಲ್ಲದ್ದು, ಕೆಂಪಗಿರೋದು, ತೆಗೆದು ಅವನ ಕೈಲಿಟ್ರು. ಮೊದಲ ಹೋಳು. ಅಷ್ಟರಲ್ಲಿ ಬಂದ ಮೊಮ್ಮಗಳು, “ಅಪ್ಪನಿಗಾ?” ಅಂತ ಬಾಯಿ ಬಿಟ್ಕೊಂಡು ನಿಂತ್ಲು.

“ನನಗೆ ಮರೆವು ಅಂತ ಅವರು ಗುಸುಗುಸು ಅಂದಾಗ ಇವನ ಮುಖ ನೋಡಿದೆ,” ಅಂದ್ರು ಅಜ್ಜಿ, ಯಾರಿಗೂ ಅಲ್ಲ ಅನ್ನೋ ಹಾಗೆ. “ತಿನ್ನಪ್ಪ. ಮೇಲಿನ ರೂಮ್ ಕೊಟ್ರೆ ನೀನು ಅಲ್ಲೇ ಸೇರ್ಕೊಂಡುಬಿಡ್ತೀಯ. ಚಳಿಗಾಲಕ್ಕೆ ನನ್ನ ಉಲ್ಲನ್ ಹಿಡಿಯೋರು ಯಾರು? ಕುರ್ಚಿ ಜರುಗಲಿ, ನೋಡೋಣ.”

ಅವನು ಹೋಳಿಗೆ ಬಾಯಿ ಹಾಕಿದ. ಸಿಹಿಯಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಆಗ ಟೆರೇಸ್ ಮೇಲೆ ಏನೋ ಟಪಟಪ ಅಂತು. ಮೊದಲು ಒಂದೆರಡು, ಆಮೇಲೆ ಬು‌ಟ್ಟಿಗಟ್ಟಲೆ ಕಲ್ಲು ಸುರಿದ ಹಾಗೆ. ಗುಡುಗು ಬಂತು. ಕಿಟಕಿಯಿಂದ ನೀರು ಹಾಲಿನ ನೆಲಕ್ಕೆ ಹಾರಿತು. ಆ ವರ್ಷದ ಮೊದಲ ಮಳೆ, ಆಕಾಶವೇ ತೂತಾದ ಹಾಗೆ.

ಅಳಿಯನ ಕಣ್ಣು ಹೊಳೆದ್ವು. ಎದ್ದು ಬಾಗಿಲಿಗೆ ಓಡಿ ಮೆಟ್ಟಿಲ ಕಡೆ ಬಗ್ಗಿದ. “ನೋಡಿ ಎಲ್ಲರೂ. ಮಳೆ. ಮಳೆಗಾಲ ಬಂತು.”

ಕೆಳಗೆ ಟೈಲರಮ್ಮ ತಲೆಯಿಂದ ನೀರು ಸೋರಿಸ್ಕೊಳ್ತಾ ಟೆರೇಸಿಂದ ಒದ್ದೆ ಬಟ್ಟೆ ತರ್ತಿದ್ರು. ಅವನನ್ನ ನೋಡಿ, “ಎಲ್ಲಿ ಮಳೆ? ಅಜ್ಜಿ ಬೇಸಿಗೆ ಅಂದ್ರಲ್ಲ,” ಅಂದ್ರು. ಕಂಡಕ್ಟರು ಛತ್ರಿ ಬಿಚ್ಚಿದವರು ತಕ್ಷಣ ಮಡಚಿ, ಒದ್ದೆ ಮೀಸೆ ಹಿಂಡಿಕೊಳ್ತಾ, “ಬೆವರು ಕಣ್ರೀ, ಬೆವರು,” ಅಂದ್ರು. ಎರಡನೇ ಮಹಡಿ ಕಡೆಯಿಂದ ಹತ್ತಿ ತುಂಬಿದ ದನಿ ತೇಲಿಬಂತು: “ಎಂಥಾ ಛೆಕೆ.”

ಅಳಿಯ ತಿರುಗಿ ಸಂದಿ ಕಡೆ ನೋಡಿದ. ಒದ್ದೆ ಗಾಳಿ ಎರಡೂ ಬಾಗಿಲಿಂದ ನುಗ್ಗಿ ಬರ್ತಿತ್ತು. ಅಜ್ಜಿ ಕಾಲನ್ನ ಕುರ್ಚಿ ಮೇಲೆ ಎಳ್ಕೊಂಡು, ಕಿವಿಗೆ ಟವೆಲ್ ಸುತ್ಕೊಂಡು, ಹಲ್ಲು ಕಟಕಟ ಅನ್ನೋದನ್ನ ತಡೀತಾ ಎರಡನೇ ಹೋಳು ಹೆಚ್ತಿದ್ರು. ಬೀಗದ ಕೈ ಕುತ್ತಿಗೆಯಲ್ಲಿ ಭದ್ರವಾಗಿತ್ತು.

“ನಿಂತ್ಕೊಂಡು ಏನು ನೋಡ್ತೀಯಪ್ಪ,” ಅಂದ್ರು. “ಸೆಕೆ ತಡೆಯೋಕಾಗ್ತಿಲ್ಲ. ಆ ಫ್ಯಾನ್ ಹಾಕು.”

ಅಳಿಯ ಫ್ಯಾನ್ ಹಾಕಿದ. ಸ್ವಿಚ್ಚು ಅವನ ಕೈಗೇ ಬಂತು.